ಸ್ವೆಟರಿನ ಎರಡನೇ ತೋಳು

…ಅಂದ್ರ, ಈಗ ನೀ ತಂದ ಈ ಸ್ಟೀಲ್ ಬಟ್ಟಲಾ ಅದ ಅಲ್ಲಾ, ಇದನ್ನ ಜರ್ಮನಿಯವರ ಕೈಗೆ ಕೊಟ್ಟು 'ಗಿಫ್ಟ್' ಅಂದಿ ಅಂದ್ರ ಪೊಲೀಸರನ್ನ ಕರಸ್ತಾರ! ಅವರ ಭಾಷಾದಾಗ ಗಿಫ್ಟ್ ಅಂದ್ರ ವಿಷ… ನಗಲಿಲ್ಲ ಯಾಕ ವನಜಾ? ಇದಕ್ಕ ನಮ್ಮ ಜರ್ಮನ್ ಕ್ಲಾಸಿನ್ಯಾಗ ಹದಿನಾಲ್ಕು ಮಂದಿ ಬಿದ್ದು ಬಿದ್ದು ನಕ್ಕಿದ್ವಿ.

ದಣದಿಯೇನು? ಕಾರ್ಖಾನಿ ಸಾಹೇಬ್ರ ಮನಿ ಸಂಕ್ರಾಂತಿ ಹಳದಿ-ಕುಂಕುಮ ಅಂದ್ರ ಗದ್ದಲ ಇರತದ ಬಿಡು. ಚಹಾ ಮಾಡ್ಲಿ? ಬ್ಯಾಡಾ? ತಿಳಗೂಳನರ ಕೊಡು, ಒಂದೀಟು ಎಳ್ಳು-ಬೆಲ್ಲ ಬಾಯಿಗೆ ಬೀಳಲಿ. ಅದೂ ಇಲ್ಲ.

ಇರಲಿ, ಕೇಳು. ಗಿಫ್ಟ್ ಅಂದ್ರ ಮೊದಲ ವಿಷ ಅಲ್ಲ, ಬರೇ 'ಕೊಟ್ಟದ್ದು'. ವೈದ್ಯ ಔಷಧ ಕೊಟ್ಟ, ಅದೂ ಗಿಫ್ಟ್. ಒಂದೀಟು ಜಾಸ್ತಿ ಕೊಟ್ಟ… ರೋಗಿ ಹೋದ. ಹಿಂಗ ವಿಷ ಆತು ಅಂತಾರ. ಸ್ವೀಡನ್ನಿನ್ಯಾಗಂತೂ ಗಿಫ್ಟ್ ಅಂದ್ರ ವಿಷಾನೂ ಹೌದು, ಮದುವಿ ಆದವರೂ ಹೌದು! ಹೆಣ್ಣು 'ಕೊಟ್ಟಾರ' ಅನ್ನೂ ಲೆಕ್ಕ. ನಿಮ್ಮವ್ವ ಅನ್ನೂದಿಲ್ಲೇನು, ಗದಗಿನ ಹುಡುಗೀನ ಆ ನಾಸಿಕಕ್ಕ ಕೊಟ್ವಿ ಅಂತ? ಹಂಗ. …ಯಾಕ ಹಂಗ ನೋಡ್ತಿ?

ಹಾಂ, ಉಲ್ಲನ್ ಚೀಲ ತಗದಿ, ಛಲೋ ಆತು. ನನ್ನ ಸ್ವೆಟರಿಂದು ಒಂದ ತೋಳು ಉಳದದ. ತೋಳಿಗೆ ಜರ್ಮನಿಯವರೂ ಇಂಗ್ಲಿಷರಂಗ ಆರ್ಮ್ ಅಂತನ ಅಂತಾರ. ಉಲ್ಲನ್ನಿಗೆ ಜರ್ಮನಿಯಾಗ ವೊಲ್ಲೆ, ಡಚ್ಚರು ವೊಲ್, ಸ್ವೀಡನ್ನಿನವರು ಉಲ್. ಅಣ್ಣತಮ್ಮರು ಪಾಲಾಗಿ ಬ್ಯಾರೆ ಬ್ಯಾರೆ ಒಲಿ ಹೂಡ್ಯಾರ, ಅಷ್ಟ. ನಮ್ಮ ಹಾಲು ತಮಿಳರ ಮನಿಯಾಗ ಪಾಲ್, ನಮ್ಮ ಹಲ್ಲು ಪಲ್. ಇಂಗ್ಲಿಷರ ಶಿಪ್ ಜರ್ಮನಿಗೆ ಹೋಗಿ ಮುಟ್ಟೂದ್ರಾಗ ಶಿಫ್. ಎಂಥಾ ಮಜಾ!

ಜರ್ಮನಿಯಾಗ ಆರು ತಿಂಗಳ ಟ್ರೇನಿಂಗ್, ಆ ಹೊಸಾ ಮಷೀನ್ ಕಲೀಲಿಕ್ಕೆ. ಇಡೀ ಕಾರ್ಖಾನಿಯಾಗ ನನ್ನೊಬ್ಬಂದ ಹೆಸರು. ಹೋಗಲಿಕ್ಕೆ ಆರ್ಡರ್ ಒಂದು ಬರಬೇಕು. ಮುಂದಿನ ವಾರ ಬರತದ. ಹೋದ ವಾರಾನೂ ಹಂಗ ಅಂದಿದ್ದೆ, ಖರೆ…

ಏ ವನಜಾ. ನೀ ಹೆಣೀಲಿಕ್ಕತ್ತಿಲ್ಲ. ಬಿಚ್ಚಲಿಕ್ಕತ್ತಿ! ಎರಡು ತಿಂಗಳು ಕೂತು ಹೆಣದದ್ದು… ಅಲ್ಲಿ ಹಿಮಾ ಬೀಳತದ ಅಂತ ಜೋಡಿ ಎಳಿ ಹಾಕಿದ್ದು. ಯಾಕ ಬಿಚ್ಚತಿ?

…ಸಾಹೇಬ್ರ ಹೆಂಡತಿ, ಭಾರ್ಗವಿ ವಹಿನಿ, ಏನರ ಅಂದ್ರೇನು?

ಹೂಂ ಅಂತ ತಲಿ ಹಾಕಿದಿ. ಅಂದ್ರ, ಏನೋ ಅಂದಾರ. 'ಗಂಡನ್ನ ಯಾಕ ಜರ್ಮನಿಗೆ ಕಳಸವಲ್ರಿ' ಅಂತ ಕೇಳಿದ್ರೇನು? ಎಲ್ಲಾರ ಮುಂದ? ಅಯ್ಯ…

ಸಾಹೇಬ್ರಿಗೆ ಚೀಟಿ ಬರದದ್ದು ನಾನ. 'ಹೆಂಡತಿ ಒಪ್ಪವಲ್ಲಳು, ನನ್ನ ಹೆಸರು ತಗೀರಿ' ಅಂತ. ಎಲ್ಲಾರೂ ಹಂಗ ಬರೀತಾರ ವನಜಾ! ರಾತ್ರಿ ಪಾಳಿ ಬ್ಯಾಡಂದ್ರ ಹೆಂಡತಿ, ಬ್ಯಾರೆ ಊರಿಗೆ ಬದಲಿ ಬ್ಯಾಡಂದ್ರ ಹೆಂಡತಿ. ನಮ್ಮಲ್ಲೆ ಯಾವ ಗಂಡಸೂ 'ನನಗ ಅಂಜಿಕಿ ಬರತದ' ಅಂತ ಇಲ್ಲೀತನಕ ಬರದಿಲ್ಲ. ಹೆಂಡಂದಿರೆಲ್ಲಾ ವರ್ಷಕ್ಕೊಮ್ಮೆ ಹಳದಿ-ಕುಂಕುಮಕ್ಕ ಒಂದ ಚಾಪಿ ಮ್ಯಾಲ ಕೂಡತಾರ ಅನ್ನೂದು ಯಾರಿಗೂ ಹೊಳದಿಲ್ಲ ನೋಡು.

ಹೌದು, ಅಂಜಿದಾಂವ ನಾನು. ವಿಮಾನಕ್ಕಲ್ಲ, ಥಂಡಿಗಲ್ಲ. ಜರ್ಮನ್ ಪರೀಕ್ಷಾ ಖರೇನ ಪಾಸಾಗೇನಿ, ಸರ್ಟಿಫಿಕೇಟ್ ಕಪಾಟಿನ್ಯಾಗ ಅದ. ಆದ್ರ ಕಡೀ ದಿವಸ ಟೀಚರ್ ಹೇಳಿದ್ರು, ಅಲ್ಲಿ ಸಂಜಿ ಆತಂದ್ರ ರೂಮಿನ್ಯಾಗ ಒಬ್ಬರ ಕೂಡತೀರಿ, ಯಾರೂ ಬಾಗಲಾ ಬಡಿಯೂದಿಲ್ಲ ಅಂತ. ಆರು ತಿಂಗಳು! ಇಷ್ಟೆಲ್ಲಾ ಶಬ್ದ ಕಲತು ಯಾರ ಮುಂದ ಹೇಳ್ಲಿ? ನೀ ನಗದಿದ್ರೂ ಕೂತು ಕೇಳತಿ…

ನಾಳೆ ನಾನ ಹೋಗತೀನಿ. ವಹಿನಿ ಮುಂದ, ಸಾಹೇಬ್ರ ಮುಂದ, ಅಂಜಿದಾಂವ ನಾನು, ಆಕಿ ಸ್ವೆಟರ್ ಹೆಣಕೋತ ಕೂತಿದ್ಲು ಅಂತ ಹೇಳತೀನಿ. ಆಣಿ ಮಾಡ್ಲಿ?

ಏನು? ಕೈ ಚಾಚಲಿ? ಉಲ್ಲನ್ ಸುತ್ತಲಿಕ್ಕೇನು? ತಗೋ, ಎರಡೂ ಕೈ. ಈ ಕೈಗೆ ನೋಡು, ಜರ್ಮನಿ, ಹಾಲೆಂಡ್, ಸ್ವೀಡನ್, ಎಲ್ಲಾ ಕಡೆ ಹ್ಯಾಂಡ್ ಅಂತನ ಬರೀತಾರ. ಮೂಲದಾಗ ಅದು 'ಹಿಡಿಯೂದು' ಅಂತ ಇದ್ದಿರಬೇಕು, ಖಾತ್ರಿ ಯಾರಿಗೂ…

ಆತು. ಸುಮ್ಮನ ಹಿಡೀತೀನಿ.