ಬಾಳವ್ವನ ಬಣ್ಣ

ಮೊನ್ನೆ ಒಬ್ಬ ಭಕ್ತರು ನನ್ನ ಫೋಟೊ ತೆಗೆದು ನನಗೇ ಕಳಿಸಿದರು. ನೋಡಿ, ಅದನ್ನು ಕಂಡು ನಾನೇ ಕೈಮುಗಿಯುವುದರಲ್ಲಿದ್ದೆ. ಅಷ್ಟು ಬೆಳ್ಳಗಿದ್ದೆ! ಯಾವುದೋ ದೊಡ್ಡ ಮಠದ ಸ್ವಾಮಿಗಳಿರಬೇಕು ಅಂದುಕೊಂಡೆ. ಕೆಳಗೆ ನನ್ನ ಹೆಸರಿತ್ತು. ಕೇಳಿದರೆ, "ಅಜ್ಜಾರ, ಸ್ವಲ್ಪ ಬ್ರೈಟ್‌ನೆಸ್ ಹೆಚ್ಚ ಮಾಡೇನ್ರಿ" ಅಂದರು. ನಗುತ್ತೀರಿ. ನಗಿ, ನಗಿ. ನಿಮ್ಮ ಫೋನಿನಲ್ಲಿ ಏನೇನಿದೆ ಅಂತ ನನಗೆ ಗೊತ್ತಿಲ್ಲವೇ? ನಕ್ಕು ಮುಗಿದ ಮೇಲೆ ಒಂದು ಕಥೆ ಕೇಳಿ. ಇದು ನಗುವ ಕಥೆಯಲ್ಲ.

ಒಂದು ಊರು, ಅಲ್ಲೊಬ್ಬ ಶ್ರೀಮಂತ. ಅವನಿಗೆ ಹೆಸರು ಬೇಕೇ? ಹೆಸರಿಲ್ಲದಿದ್ದರೆ ನೀವು ಪಕ್ಕದ ಮನೆಯವನನ್ನು ನೆನೆಸಿಕೊಂಡು ಹಾಯಾಗಿ ಕೂತುಬಿಡುತ್ತೀರಿ. ಅದಕ್ಕೇ ಮುರಿಗೆಪ್ಪ ಅಂತ ಇಟ್ಟುಕೊಳ್ಳೋಣ. ಮುರಿಗೆಪ್ಪನದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಸುತ್ತಲಿನ ಹತ್ತೂರಿನ ನೇಕಾರರು ನೂಲು ತಂದು ಅವನ ಮುಂದೆ ಇಟ್ಟು ಹೋಗುತ್ತಿದ್ದರು. ಯಾಕೆ ಗೊತ್ತೇ? ಅವನ ಕಣ್ಣಿಗೆ. ಎರಡು ಲಡಿ ಕೆಂಪು ನೂಲು ಕೊಡಿ, ನಮಗೆ ನಿಮಗೆ ಎರಡೂ ಒಂದೇ. ಅವನು ಎರಡನ್ನೂ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, "ಇದು ಎರಡ ದಿನ ಮೊದಲ ಹಾಕಿದ್ದು, ಇದು ನಿನ್ನೀದು" ಅನ್ನುತ್ತಿದ್ದ. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿದವನನ್ನು ಅವನು ಕಾರ್ಖಾನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಣ್ಣವನ್ನು ಹಗಲಿನಲ್ಲಿ ನೋಡಬೇಕು, ಬಾಗಿಲಲ್ಲಿ ನೋಡಬೇಕು. ಅವನ ಅಪ್ಪ ಕಲಿಸಿದ್ದು ಅದು, ನಲವತ್ತು ವರ್ಷ ಅವನು ಪಾಲಿಸಿದ್ದು ಅದು.

ಅವನ ಹೆಂಡತಿ ಬಾಳವ್ವ. ಬಣ್ಣದಲ್ಲಿ ಕಪ್ಪು. ಮದುವೆಯಾದ ತಿಂಗಳಿಗೆ ಆಲ್ಬಂ ಬಂತು. ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಿದ್ದರು. ಮುರಿಗೆಪ್ಪ ಒಂದು ಹಾಳೆ ತಿರುವಿದ, ಇನ್ನೊಂದು ತಿರುವಿದ, ಆಮೇಲೆ ಅಂದ, "ಏ ಬಾಳವ್ವಾ, ಫೋಟೊದಾಗ ನೀ ಎಲ್ಲಿ ಅದಿ? ಹಿಂದಿನ ಪರದೆದಾಗ ಕಲತ ಹೋಗೀಯೇನು?"

ಎಲ್ಲರೂ ನಕ್ಕರು. ಬಾಳವ್ವನೂ ನಕ್ಕಳು. ಅಷ್ಟೇ. ಮುರಿಗೆಪ್ಪ ಮರುದಿನವೇ ಮರೆತ. ಅವನೇನು ಕೆಟ್ಟವನೇ? ಅಲ್ಲ. ಹೆಂಡತಿಯ ಮೇಲೆ ಕೈಮಾಡಿದವನಲ್ಲ, ಕುಡಿದು ಬಂದವನಲ್ಲ, ಹಬ್ಬಕ್ಕೆ ಸೀರೆ ತಪ್ಪಿಸಿದವನಲ್ಲ. ಒಂದು ಮಾತು ತಮಾಷೆಗೆ ಅಂದ, ಅಷ್ಟೇ. ನಾವೂ ಅನ್ನುತ್ತೇವೆ, ಅಲ್ಲವೇ?

ಆದರೆ ಅಂದಿನಿಂದ ಬಾಳವ್ವ ಫೋಟೊಗೆ ನಿಲ್ಲಲಿಲ್ಲ. ಕ್ಯಾಮೆರಾ ಬಂದರೆ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಮನೆಗೆ ಮೊಬೈಲ್ ಬಂದ ಮೇಲೆ ಇನ್ನೂ ಒಳ್ಳೆಯ ಉಪಾಯ ಸಿಕ್ಕಿತು. ಫೋಟೊ ತೆಗೆಯುವುದನ್ನು ತಾನೇ ಕಲಿತಳು. "ನೀವೆಲ್ಲಾ ನಿಲ್ರಿ, ನಾ ತಗೀತೀನಿ." ಮಗಳ ಮದುವೆ, ಮೊಮ್ಮಗನ ತೊಟ್ಟಿಲು, ಕಾರ್ಖಾನೆಯ ಪೂಜೆ, ಎಲ್ಲದರ ಫೋಟೊ ಇದೆ. ಸಾವಿರಗಟ್ಟಲೆ ಇದೆ. ಒಂದರಲ್ಲೂ ಬಾಳವ್ವ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮುರಿಗೆಪ್ಪನಿಗೆ ಅದು ಒಂದು ದಿನವೂ ಹೊಳೆಯಲಿಲ್ಲ.

ಒಂದು ಬೇಸಿಗೆಯಲ್ಲಿ ಬಾಳವ್ವನಿಗೆ ಜ್ವರ ಬಂತು. ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಎದ್ದು ರೊಟ್ಟಿ ಬಡಿಯುತ್ತೇನೆ ಅಂದಳು, ಏಳಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಳು.

ಮಣ್ಣು ಮುಗಿಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಒಂದು ಫೋಟೊ ಬೇಕಲ್ಲ? ಹುಡುಕಿದರು. ಮದುವೆಯ ಆಲ್ಬಮ್ಮಿನಲ್ಲಿ ಬಾಸಿಂಗದ ಕೆಳಗೆ ಬಗ್ಗಿಸಿದ ತಲೆ, ಮುಖವೇ ಕಾಣದು. ಆಧಾರ್ ಕಾರ್ಡಿನಲ್ಲಿ ಒಂದಿತ್ತು. ಆಧಾರ್ ಕಾರ್ಡಿನ ಫೋಟೊದಲ್ಲಿ ಯಾರ ಗುರುತು ಯಾರಿಗೆ ಸಿಕ್ಕಿದೆ ಹೇಳಿ! ಕೊನೆಗೆ ಮಗಳು ದಾನಮ್ಮ ತನ್ನ ಫೋನಿನಲ್ಲಿ ಒಂದು ಹುಡುಕಿ ತೆಗೆದಳು. ತವರಿಗೆ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವ್ವನಿಗೆ ಹೇಳದೆ ತೆಗೆದದ್ದು. ಬಾಳವ್ವ ಒಲೆಯ ಮುಂದೆ ಕೂತು, ಏನೋ ಮಾತಾಡುತ್ತ ಹಿಂದೆ ತಿರುಗಿದ್ದಾಳೆ. ನಗುತ್ತಿದ್ದಾಳೆ. ಆದರೆ ಹಿಂದೆ ಬೆಂಕಿಯ ಬೆಳಕು, ಮುಖವೆಲ್ಲ ಕತ್ತಲು.

"ಕತ್ತಲಿದ್ರ ಏನಾತಪ್ಪಾ, ಬ್ರೈಟ್‌ನೆಸ್ ಹೆಚ್ಚ ಮಾಡಬಹುದು" ಅಂದಳು ದಾನಮ್ಮ. "ಇಲ್ಲೊಂದು ಗೆರಿ ಐತಿ ನೋಡು. ಬಲಕ್ಕ ಎಳದ್ರ ಬೆಳಕು, ಎಡಕ್ಕ ಎಳದ್ರ ಕತ್ತಲಿ."

ಮುರಿಗೆಪ್ಪ ಫೋನು ಇಸಿದುಕೊಂಡ. ಎದ್ದ. ಎಲ್ಲಿಗೆ ಹೋದ ಹೇಳಿ? ಬಾಗಿಲಿಗೆ! ನಡುಮಧ್ಯಾಹ್ನದ ಬಿಸಿಲು. ಅಲ್ಲಿ ನಿಂತು, ನೂಲಿನ ಲಡಿ ಹಿಡಿದ ಹಾಗೆ ಫೋನನ್ನು ಬಿಸಿಲಿಗೆ ಹಿಡಿದ.

"ಅಪ್ಪಾ, ಬಿಸಲಾಗ ಸ್ಕ್ರೀನ್ ಕಾಣೂದಿಲ್ಲ, ಒಳಗ ಬಾ."

"ಬಣ್ಣದ ಮಾತು ನನಗ ಕಲಸ್ತೀಯೇನ್ ಯವ್ವಾ? ಇನ್ನ ಮಬ್ಬ ಐತಿ. ಎಳಿ. ಇನ್ನ ಎಳಿ."

ದಾನಮ್ಮ ಎಳೆದಳು. ಇನ್ನೂ ಎಳೆದಳು. ನೋಡಿ, ಎಷ್ಟು ಬಲ್ಲವನು, ಎಲ್ಲಿ ತಪ್ಪಿದ! ನೂಲಿಗೆ ತನ್ನದೊಂದು ಬೆಳಕಿಲ್ಲ. ಬಿಸಿಲು ಬಿದ್ದರೆ ಅದರ ಬಣ್ಣ ತೆರೆಯುತ್ತದೆ. ಫೋನಿಗೆ ತನ್ನದೇ ಬೆಳಕುಂಟು. ಬಿಸಿಲು ಬಿದ್ದರೆ ಅದು ಮಂಕಾಗುತ್ತದೆ. ಮಂಕಾದದ್ದು ಗಾಜು, ಅವನು ಬೆಳಗಿಸಲು ಹೊರಟದ್ದು ಹೆಂಡತಿಯ ಮುಖವನ್ನು.

ಇನ್ನೂ ಒಂದು ಕಾರಣವಿತ್ತು. ಅದನ್ನು ಅವನು ಮಗಳಿಗೂ ಹೇಳಲಿಲ್ಲ. ಹೆಣದ ಪಕ್ಕದಲ್ಲಿ ಕೂತಾಗ ಆ ಆಲ್ಬಮ್ಮಿನ ಮಾತು ಎಲ್ಲಿಂದಲೋ ನೆನಪಿಗೆ ಬಂದಿತ್ತು. ಬಂದದ್ದು ಹೋಗಿರಲಿಲ್ಲ. ಅಂದು ಕಾಣಲಿಲ್ಲ ಅಂದೆ, ಇಂದಾದರೂ ಚೆನ್ನಾಗಿ ಕಾಣಲಿ ಅಂತ ಅವನ ಆಸೆ. ಬೆಳ್ಳಗೆ ಮಾಡಿದರೆ ಆ ಮಾತು ತೊಳೆದು ಹೋಗುತ್ತದೆ ಅಂದುಕೊಂಡ ಪಾಪ.

ಸ್ಟುಡಿಯೋದಿಂದ ಫೋಟೊ ಬಂತು. ದೊಡ್ಡದು, ಚಿನ್ನದ ಬಣ್ಣದ ಕಟ್ಟು. ಅದರಲ್ಲಿ ಕೆನ್ನೆ ಹಿಟ್ಟು ಬಳಿದ ಹಾಗೆ ಬೆಳ್ಳಗೆ. ಮೂಗಿನ ಗೆರೆ ಇಲ್ಲ, ಮೂಗುಬಟ್ಟು ಇಲ್ಲ. ಕುಂಕುಮ ತಿಳಿ ಗುಲಾಬಿ. ನಕ್ಕ ಹಲ್ಲು ಎಲ್ಲಿ ಮುಗಿದು ಮುಖ ಎಲ್ಲಿ ಶುರುವಾಯಿತೋ ತಿಳಿಯದು. ಬಂದವರು ಹೂವಿಟ್ಟರು, ಕೈಮುಗಿದರು, ಹೋದರು. ಸಾವಿನ ಮನೆಯಲ್ಲಿ ಯಾರು ಏನು ಅಂದಾರು?

ಹತ್ತನೆಯ ದಿನ ಬಳೆಗಾರ ಮಕ್ತುಮಸಾಬ ಮಾತಾಡಿಸಿ ಹೋಗಲು ಬಂದ. ಎಪ್ಪತ್ತು ದಾಟಿದ ಮುದುಕ. ಮೂವತ್ತು ವರ್ಷದಿಂದ ಆ ಮನೆಗೆ ಬಳೆ ತೊಡಿಸಿದವನು. ಫೋಟೊದ ಮುಂದೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಸಾವ್ಕಾರ್ರ, ಇವರು ಯಾರ್ರಿ? ಬಾಳವ್ವಾರ ತಂಗೀನೇನು? ಬಾಳವ್ವಾರ ಫೋಟೊ ಇಟ್ಟಿಲ್ಲೇನ್ರಿ?"

ಮುದುಕನ ಮಾತಿನಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿ ಗುರುತು ಸಿಕ್ಕಿರಲಿಲ್ಲ. ಮುರಿಗೆಪ್ಪ ಫೋಟೊದ ಹತ್ತಿರ ಸರಿದ. "ಇಕೀನ ಬಾಳವ್ವ" ಅಂದ.

ದಾನಮ್ಮನ ಕಣ್ಣಲ್ಲಿ ನೀರು ಬಂತು. ಆ ಫೋಟೊ ಅವಳಿಗೂ ಒಪ್ಪಿರಲಿಲ್ಲ. ಅಪ್ಪನ ಮುಖ ನೋಡಿ ಸುಮ್ಮನಿದ್ದಳು. ಅವಳು ತಿದ್ದಿದ್ದು ಪ್ರತಿಯನ್ನು, ಮೊದಲಿನದು ಫೋನಿನಲ್ಲಿ ಹಾಗೇ ಇತ್ತು. ಅಪ್ಪನನ್ನು ಒಳಮನೆಯ ನೆರಳಿನಲ್ಲಿ ಕೂರಿಸಿದಳು. ಪರದೆಯ ಬೆಳಕನ್ನು ಅತ್ತ ಹೆಚ್ಚಲ್ಲದೆ ಇತ್ತ ಕಡಿಮೆಯಲ್ಲದೆ ನಡುವಿಗೆ ಇಟ್ಟಳು. ಆ ಕತ್ತಲು ಮುಖದ ಫೋಟೊ ತೆರೆದಳು.

"ಅಪ್ಪಾ, ನಾ ಸಾವಕಾಶ ಎಳೀತೀನಿ. ಅವ್ವನ ಬಣ್ಣ ಬಂದ ಕೂಡಲೆ ಸಾಕ ಅನ್ನು. ಅಲ್ಲೇ ನಿಲ್ಲಸ್ತೀನಿ."

ಬೆರಳು ಜರುಗಿತು. ಕತ್ತಲಿನಿಂದ ಮೊದಲು ಹಣೆ ಬಂತು. ಆಮೇಲೆ ಕೆನ್ನೆಯ ಎಲುಬು. ಮೂಗುಬಟ್ಟು ಮಿನುಗಿತು. ಮುರಿಗೆಪ್ಪ ನೋಡುತ್ತಿದ್ದಾನೆ. ಸಾಕು ಅನ್ನಲಿಲ್ಲ. ಮುಖ ತಿಳಿಯಾಯಿತು, ಇನ್ನೂ ತಿಳಿಯಾಯಿತು, ಮತ್ತೆ ಹಿಟ್ಟು ಬಳಿದ ಹಾಗಾಯಿತು. ಸಾಕು ಅನ್ನಲಿಲ್ಲ. ದಾನಮ್ಮ ಹಿಂದಕ್ಕೆ ಎಳೆದಳು. ಮತ್ತೆ ಮುಂದಕ್ಕೆ. ಅವಳಿಗೆ ಗೊತ್ತಿತ್ತು, ಎಲ್ಲಿ ನಿಲ್ಲಿಸಬೇಕು ಅಂತ. ಆದರೆ ಅಪ್ಪನ ಬಾಯಿಂದ ಬರಲಿ ಅಂತ ಕಾದಳು.

ಅವನು ನೆನೆಸಿಕೊಳ್ಳಲು ನೋಡಿದ. ರೊಟ್ಟಿ ಬಡಿಯುವ ಸಪ್ಪಳ ನೆನಪಿಗೆ ಬಂತು. ತಟ್ಟೆಗೆ ಪಲ್ಯ ಹಾಕುವ ಕೈ ಬಂತು, ಆದರೆ ಅವನು ನೋಡಿದ್ದು ಪಲ್ಯವನ್ನು. ಬಾಗಿಲಲ್ಲಿ ಸರಿದುಹೋದ ಸೆರಗು ಬಂತು. ಮುಖ ಬರಲಿಲ್ಲ. ಯಾವ ವರ್ಷ ಯಾವ ನೇಕಾರನಿಗೆ ಯಾವ ಕೆಂಪು ಹಾಕಿಕೊಟ್ಟೆ ಅಂತ ಕೇಳಿ, ಹೇಳುತ್ತಾನೆ. ಮೂವತ್ತನಾಲ್ಕು ವರ್ಷ ಒಂದೇ ಮಾಡಿನ ಕೆಳಗೆ ಉಂಡವನಿಗೆ ಹೆಂಡತಿಯ ಮುಖದ ಬಣ್ಣ ಗೊತ್ತಿಲ್ಲ!

"ನನಗ ತಿಳೀವಲ್ದವ್ವಾ" ಅಂದ. "ನಾ ನೋಡೇ ಇಲ್ಲ. ದಾನವ್ವಾ, ನಾ ನಿಮ್ಮವ್ವನ್ನ ನೋಡೇ ಇಲ್ಲ." ಅಂದು ಚಿಕ್ಕ ಮಗುವಿನ ಹಾಗೆ ಅತ್ತ.

ಮಕ್ತುಮಸಾಬ ಬಾಗಿಲ ಬಳಿ ನಿಂತಿದ್ದ. ಹತ್ತಿರ ಬಂದು ದಾನಮ್ಮನ ಪಕ್ಕ ಕೂತ. "ಸ್ವಲ್ಪ ಹಿಂದಕ್ಕ ತಗೋರಿ ಅಕ್ಕಾರ. ಇನ್ನ ಸ್ವಲ್ಪ. ಹಾಂ, ಅಲ್ಲೇ. ಅಲ್ಲೇ ನಿಲ್ಲಸ್ರಿ."

ಬೆರಳು ನಿಂತಿತು. ಹಳೆಯ ಬೆಲ್ಲದ ಬಣ್ಣದ ಒಂದು ಮುಖ, ಏನೋ ಹೇಳುತ್ತ, ನಗುತ್ತ, ಹಿಂದೆ ತಿರುಗಿ ನೋಡುತ್ತಿತ್ತು. ಬಾಳವ್ವ!

"ನಿಮಗ ಹೆಂಗ ಗೊತ್ತ ಆತ್ರಿ ಕಾಕಾ?" ದಾನಮ್ಮ ಕೇಳಿದಳು.

"ಬಳಿ ತೊಡಸಾಂವ ಕೈ ನೋಡದ ಹೆಂಗ ತೊಡಸ್ತಾನ್ರಿ?" ಅಂದ ಮುದುಕ. ಆಮೇಲೆ ಫೋಟೊ ನೋಡುತ್ತಲೇ ಹೇಳಿದ. "ಪ್ರತಿ ಪಂಚಮಿಗೆ ಕೈ ಮುಂದ ಮಾಡಿ ಒಂದ ಮಾತ ಕೇಳತಿದ್ರು ಅವರು. ಮಕ್ತುಮಣ್ಣಾ, ಕೈ ಕಪ್ಪ ಕಾಣದಂಗ ಯಾವ ಬಳಿ ಅದಾವ, ಅವನ್ನ ಹಾಕು ಅಂತಿದ್ರು. ನಿಮ್ಮ ಕೈ ಭಾಳ ಚಂದ ಅದಾವ ತಂಗೀ ಅಂತ ನಾ ಅಂತಿದ್ದೆ. ನಂಬತಿದ್ದಿಲ್ಲ."

ಮೂವತ್ತು ವರ್ಷ. ಪ್ರತಿ ಪಂಚಮಿ. ಅವನು ಮರುದಿನವೇ ಮರೆತ ಮಾತನ್ನು ಅವಳು ಮಣ್ಣಿಗೆ ಹೋಗುವವರೆಗೆ ಹೊತ್ತಿದ್ದಳು. ಯಾರಾದರೂ ಒಬ್ಬರು ನಂಬಿಸಬೇಕಾಗಿತ್ತು. ಬಳೆಗಾರ ಹೇಳಿದರೆ ಆಗುತ್ತದೆಯೇ? ಹೇಳಬೇಕಾದವನು ಕಾರ್ಖಾನೆಯ ಬಾಗಿಲಲ್ಲಿ ನಿಂತು ನೂಲು ನೋಡುತ್ತಿದ್ದ.

ಎರಡನೆಯ ಫೋಟೊ ಬಂತು. ಹನ್ನೊಂದನೆಯ ದಿನ ಅದಕ್ಕೇ ಹಾರ ಹಾಕಿದರು. ಬಂದವರೆಲ್ಲ, "ಬಾಳವ್ವ ಎದ್ದ ಬಂದಂಗ ಆಗೇದ" ಅಂದರು. ಮುರಿಗೆಪ್ಪ ಈಗ ದಿನಾ ಅದರ ಮುಂದೆ ಕೂರುತ್ತಾನೆ. ಮೂಗುಬಟ್ಟು ಎಡಕ್ಕೋ ಬಲಕ್ಕೋ, ಹುಬ್ಬಿನ ಮೇಲೆ ಮಚ್ಚೆ ಎಲ್ಲಿ, ಈಗ ಎಲ್ಲ ಅವನಿಗೆ ಬಾಯಿಪಾಠ. ಏನು ಪ್ರಯೋಜನ ಹೇಳಿ? "ನೀ ಚಂದ ಅದಿ" ಅಂದರೆ ಕೇಳಿಸಿಕೊಳ್ಳುವವಳು ಯಾರು?

ಕಥೆ ಮುಗಿಯಿತು. ಅಯ್ಯೋ ಪಾಪ ಮುರಿಗೆಪ್ಪ ಅಂತ ಮನೆಗೆ ಹೋಗಿಬಿಡಬೇಡಿ. ನಿಮ್ಮ ಫೋನು ತೆಗೆದು ನೋಡಿ. ಅದರಲ್ಲಿ ಹಬ್ಬದ ಊಟ ಇದೆ, ಹೊಸ ಗಾಡಿ ಇದೆ, ನೀವಂತೂ ಬೇಕಾದಷ್ಟು ಇದ್ದೀರಿ. ಆ ಫೋಟೊಗಳನ್ನು ತೆಗೆದವರು ಯಾರು? ಅವರದು ಒಂದಾದರೂ ಇದೆಯೇ? ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಫೋನನ್ನು ಅವರ ಕೈಯಿಂದ ಇಸಿದುಕೊಳ್ಳಿ, ಅವರನ್ನು ನಿಲ್ಲಿಸಿ, ನೀವು ತೆಗೆಯಿರಿ. ಬೆಳ್ಳಗೆ ಮಾಡಬೇಡಿ. ಕಪ್ಪಿದ್ದರೆ ಕಪ್ಪು, ನೆರೆತಿದ್ದರೆ ನೆರೆ, ದಣಿದಿದ್ದರೆ ದಣಿವು. ಇದ್ದ ಹಾಗೆ ಇರಲಿ. ಇನ್ನು, ಯಾರ ಮೈಬಣ್ಣದ ಮೇಲೂ ತಮಾಷೆ ಮಾಡಬೇಡಿ. ಮನೆಯ ಹೆಣ್ಣುಮಗುವಿನ ಮೇಲಂತೂ ಬೇಡವೇ ಬೇಡ. ನಿಮಗೆ ಅದು ಒಂದು ಗಳಿಗೆಯ ನಗು. ಆ ಮಗು ಅದನ್ನು ಎಷ್ಟು ವರ್ಷ ಹೊರುತ್ತದೆ, ನಿಮಗೆ ಗೊತ್ತೇ? ಉಣ್ಣುವಾಗ ತಟ್ಟೆ ನೋಡುವುದು ಸಾಕು, ಫೋನು ನೋಡುವುದು ಸಾಕು, ಬಡಿಸುವವರ ಮುಖವನ್ನು ಒಂದು ಸಲ ನೋಡಿ. ಒಂದು ಸಲ ನೋಡಲು ಎಷ್ಟು ಹೊತ್ತು ಬೇಕು?

ಈಗ ಒಂದೇ ಪ್ರಶ್ನೆ ಕೇಳುತ್ತೇನೆ. ಗಂಡಸರು ಈ ಬದಿ ಕೂತಿದ್ದೀರಿ, ಹೆಣ್ಣುಮಕ್ಕಳು ಆ ಬದಿ ಕೂತಿದ್ದಾರೆ. ಯಾರೂ ಆ ಕಡೆ ತಿರುಗಬೇಡಿ. ಒಂದೇ ಗಾಡಿಯಲ್ಲಿ ಬಂದಿರಿ, ಒಟ್ಟಿಗೆ ಚಪ್ಪಲಿ ಬಿಟ್ಟಿರಿ. ನಿಮ್ಮ ಮನೆಯಾಕೆ, ನಿಮ್ಮ ತಾಯಿ, ಇವತ್ತು ಯಾವ ಬಣ್ಣದ ಸೀರೆ ಉಟ್ಟು ಬಂದಿದ್ದಾರೆ? ಹೇಳಿ.

ಯಾಕೆ, ಎಲ್ಲರೂ ತಲೆ ತಗ್ಗಿಸಿದಿರಿ?

ತಗ್ಗಿಸಿದರೆ ಕಾಣುವುದಿಲ್ಲ. ಎತ್ತಿ. ಆ ಕಡೆ ತಿರುಗಿ ನೋಡಿ. ಅವರು ಇನ್ನೂ ಅಲ್ಲೇ ಇದ್ದಾರೆ.