ಲೆಕ್ಕಕ್ಕಿಲ್ಲ ಎಂಬ ಮಾತು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲ ಕ್ರಾಂತಿಕುಮಾರ್ ಅವರೇ, ವೇದಿಕೆಯ ಮೇಲಿನ ಹಿರಿಯರೇ, ನನ್ನ ಹಳೆಯ, ಹೊಸ ವಿದ್ಯಾರ್ಥಿಗಳೇ, ಕೊಟ್ಟೂರಿನ ಸಭಿಕರೇ,

ನಿವೃತ್ತನಾಗುತ್ತಿರುವ ಗಣಿತದ ಮೇಷ್ಟ್ರು ಈ ಶಿವಯೋಗಪ್ಪನಿಗೆ ಹಾರ ಹಾಕಿದ್ದೀರಿ. ನಾನು ಫೇಲು ಮಾಡಿದವರೂ ಬಂದು ಕೈ ಕುಲುಕಿದರು. ಅವರ ಹಿಡಿತವೇ ಸ್ವಲ್ಪ ಬಿಗಿಯಾಗಿತ್ತು.

ನಿರೂಪಕರು ಈಗ ತಾನೆ ನನ್ನನ್ನು "ಮುಪ್ಪಿಗೆ ಸೂತ್ರ ಬರೆದವರು" ಎಂದು ಹೊಗಳಿದರು. ಮುಪ್ಪು ಏಕೆ ಬರುತ್ತದೆ? ಎಳೆತನದಲ್ಲೇ ಕೊಲ್ಲುವ ದೋಷ, ಮರಿಗಳಾಗುವ ಮೊದಲೇ ಆ ಜೀವಿಯೊಂದಿಗೆ ಅಳಿದುಹೋಗುತ್ತದೆ. ತಡವಾಗಿ ಕಾಡುವ ದೋಷವೋ, ಅಷ್ಟರಲ್ಲಿ ಮುಂದಿನ ಪೀಳಿಗೆಗೆ ದಾಟಿರುತ್ತದೆ. ಹಾಗೆ ಪೀಳಿಗೆಯಿಂದ ಪೀಳಿಗೆಗೆ ಕೂಡಿಬಂದದ್ದೇ ಮುಪ್ಪು. ಯಾವ ವಯಸ್ಸಿನವರು ಮುಂದಿನ ಪೀಳಿಗೆಗೆ ಎಷ್ಟು ಮಕ್ಕಳನ್ನು ಕೊಡುತ್ತಾರೆ ಎಂದು ನನ್ನ ಸೂತ್ರ ಕೂಡಿಸುತ್ತದೆ. ಸೂತ್ರ ಸರಿಯಾಗಿದೆ. ಇಂದಿಗೂ ಸರಿಯಾಗಿದೆ.

ಹೋದ ವರ್ಷ ಹಡಗಲಿಯ ಉಪನ್ಯಾಸದಲ್ಲಿ ಇದನ್ನೇ ಹೇಳುವಾಗ, ಜನಕ್ಕೆ ತಿಳಿಯಲೆಂದು ಒಂದು ಮಾತು ಸೇರಿಸಿದೆ: "ಮಕ್ಕಳಾಗದವರು ಇಲ್ಲಿ ಲೆಕ್ಕಕ್ಕಿಲ್ಲ." ಗಣಿತದಲ್ಲಿ ಅದರ ಅರ್ಥ ಸೊನ್ನೆ, ಅಷ್ಟೇ. ಕನ್ನಡದಲ್ಲಿ ಅಷ್ಟೇ ಅಲ್ಲವಲ್ಲ! ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಗಂಗಾಂಬಿಕಾ ಕುಳಿತಿದ್ದಳು. ನಮಗೆ ಮಕ್ಕಳಿಲ್ಲ ಎನ್ನುವುದು ನಿಮಗೆಲ್ಲ ಗೊತ್ತಿರುವ ವಿಷಯವೇ.

ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಕೇಳಿದಳು: "ಹಂಗಾರ ನಾನು ಲೆಕ್ಕಕ್ಕಿಲ್ಲೇನ್ರಿ?"

ನಾನು ಮೇಷ್ಟ್ರಲ್ಲವೇ? ಊರು ಮುಟ್ಟುವ ತನಕ ಸೂತ್ರ ವಿವರಿಸಿದೆ.

ಮುಂದಿನ ವಾರ ಅವಳು ತನ್ನ ತಂಗಿಯ ಊರು, ಹಡಗಲಿ ಹತ್ತಿರದ ಮಾಗಳಕ್ಕೆ ಹೋದಳು. ತಂಗಿಯ ಮಗಳು ಅರ್ಚನಾ ಹೆತ್ತಿದ್ದಳು. ಓದಿನ ನೆಪದಲ್ಲಿ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ನೀವು ಕೇಳಿದಾಗಲೆಲ್ಲ "ಬಾಣಂತನ ಮುಗಿಸಿ ಬರುತ್ತಾಳೆ" ಎಂದು ಹೇಳುತ್ತ ಬಂದಿದ್ದೇನೆ. ಬಾಣಂತನ ಎಷ್ಟು ಕಾಲ ನಡೆದೀತು, ಸಭಿಕರೇ? ಆ ಕೂಸು ಈಗ ಮನೆ ತುಂಬ ಓಡಾಡುತ್ತದಂತೆ.

ನಾನೇನೂ ಸುಮ್ಮನೆ ಕೂರಲಿಲ್ಲ. ಒಡಹುಟ್ಟಿದವರ ಮಕ್ಕಳನ್ನು ಸಾಕಿದವರ ಪಾಲಿಗೂ ಸೂತ್ರದಲ್ಲಿ ಹೊಸ ಪದವೊಂದನ್ನು ಜೋಡಿಸಿದೆ. ಈಗ ದೊಡ್ಡಮ್ಮಂದಿರಿಗೂ ಅಲ್ಲಿ ಜಾಗವಿದೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ, "ನಿನ್ನ ಲೆಕ್ಕಕ್ಕ ತಗೊಂಡೀನಿ, ಸನ್ಮಾನಕ್ಕ ಬಾ" ಅಂದೆ. ತಪ್ಪೇನಿತ್ತು ಹೇಳಿ?

ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಲೆಕ್ಕದಾಗ ಸೇರಿಸ್ರಿ ಅಂತ ನಾನ್ಯಾವಾಗ ಅಂದೀನ್ರಿ? ಅವತ್ತು ಜನ ನಕ್ಕರು, ಅವರಿಗೇನು ಗೊತ್ತು, ಬಿಡ್ರಿ. ಅವರ ಜೋಡಿ ನೀವ್ಯಾಕ ನಕ್ರಿ?"

ಇಷ್ಟು ವರ್ಷ ಬೇರೆಯವರಿಗೆ ಪ್ರಶ್ನೆ ಹಾಕಿದವನು ನಾನು.

ಹಾರಕ್ಕೆ, ಶಾಲಿಗೆ, ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಊಟಕ್ಕೆ ನಿಲ್ಲುವುದಿಲ್ಲ, ಕ್ಷಮಿಸಬೇಕು. ಹಡಗಲಿ ಬಸ್ಸಿಗೆ ಹೊತ್ತಾಯಿತು. ನಮಸ್ಕಾರ.