ಭಾವನ ನಾನೂರು ಕುದುರೆ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ವಯಸ್ಸಾದ ಅಕ್ಕ ತಂಗಿ ಕೂತಿದ್ದರು. ಅಕ್ಕ ಸುಸ್ತಾಗಿದ್ದಳು.

“ನಿಮ್ಮ ಭಾವ ಹಳೇ ಸ್ಪೋರ್ಟ್ಸ್ ಕಾರು ತಂದಿದ್ದಾರೆ ಕಣೇ.”

“ಮಂಡಿ ಮಡಚೋಕೇ ಆಗಲ್ವಲ್ಲೇ ಅವರಿಗೆ!”

“ಸೀಟು ನೆಲಕ್ಕಂಟಿದೆ. ಕೂರಿಸೋದೂ ನಾನೇ, ಎಳೆದು ಎಬ್ಬಿಸೋದೂ ನಾನೇ.”

“ಅಂಥದ್ದೇನಿದೆ ಅದರಲ್ಲಿ?”

“ಎಂಜಿನ್‌ಗೆ ನಾನೂರು ಕುದುರೆ ಶಕ್ತಿಯಂತೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ನಾಲ್ಕೇ ಸೆಕೆಂಡಂತೆ. ದಿನವೆಲ್ಲ ಅದೇ ಜಪ.”

“ವಾಪಸ್ ಕೊಡಿ ಅನ್ನು.”

“ಅಂದೆ. ‘ಜೀವಮಾನವೆಲ್ಲ ಹೆಣದ ಗಾಡಿ ಓಡಿಸಿದೆ, ಅಳೋರ ಹೆಜ್ಜೆಗೆ ಸರಿಯಾಗಿ. ಒಂದು ಸಲ ಜೋರಾಗಿ ಹೋಗ್ಬೇಕು ಕಣೇ’ ಅಂದ್ರು.”

“ಹೋದ್ರಾ?”

“ನಿನ್ನೆ ಖಾಲಿ ರಸ್ತೆಯಲ್ಲಿ ಇಬ್ರೂ ಹೋದ್ವಿ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಮಗು ಥರ ಅತ್ತರು. ಇನ್ನು ಮಾರಿಬಿಡ್ತೀನಿ ಅಂದ್ರು.”

“ಸದ್ಯ!”

“ನಾನೇ ಬೇಡ ಅಂದೆ.”

ನರ್ಸ್ ಕರೆದರು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.